ರೆಕಾರ್ಡರಿಗೆ ಮೊದಲು ಬರಿ

ಪುತ್ತಿಗೆಯ ಗುಲಾಬಿಯಕ್ಕನ ಜಗಲಿಯಲ್ಲಿ ವಿಜೇತಾ ಮೊಬೈಲಿನ ರೆಕಾರ್ಡರ್ ಒತ್ತಿದಳು. ಬಿ.ಎ. ಕೊನೆಯ ವರ್ಷದ ಅವಳ ಅಧ್ಯಯನ ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸರ ಬಗ್ಗೆ. ತಿಂಗಳ ಕೊನೆಗೆ ಅದನ್ನು ಒಪ್ಪಿಸಬೇಕು. ಮಾತಾಡಲು ಒಪ್ಪಿದವರು ಗುಲಾಬಿಯಕ್ಕ ಒಬ್ಬರೇ.

ಆದರೆ ಅವರು ತಿರುಗಿದ್ದು ಜೊತೆಗೆ ಬಂದಿದ್ದ ಇತಿಹಾಸದ ಅಧ್ಯಾಪಕಿ ದಮಯಂತಿಯ ಕಡೆಗೆ.

"ಟೀಚರಿನ ಮನೆ ಎಲ್ಲಿ ಆಯ್ತು? ಬರಿ ಯಾವುದು?"

ತಾಯಿಯಿಂದ ಬರುವ ಕುಲವೇ ಬರಿ; ಒಂದೇ ಬರಿಯವರು ಒಂದೇ ಮನೆಯವರ ಲೆಕ್ಕ. ಅದನ್ನು ಕೇಳದೆ ಇಲ್ಲಿನ ತುಳುವರ ಮನೆಗಳಲ್ಲಿ ಮಾತು ಮುಂದುವರಿಯುವುದಿಲ್ಲ. ದಮಯಂತಿ ಹೇಳಿದರು. ಇಬ್ಬರದೂ ಒಂದೇ.

"ಅಯ್ಯೋ, ನಮ್ಮ ಹುಡುಗಿಯೇ! ಮತ್ತೆ ಎಂತ ಇಂಟರ್‌ವ್ಯೂ ಮಾರಾಯ್ತಿ? ಊಟ ಮಾಡಿ ಹೋಗು."

"ಊಟ ಬೇಡ ಅಕ್ಕ. ಬೀಡಿಯ ವಿಷಯ ಹೇಳಿ," ಎಂದರು ದಮಯಂತಿ.

"ಮನೆಯವಳ ಎದುರು ನನ್ನ ಕಷ್ಟ ಹೇಳಿದರೆ ನಾಳೆ ಕುಟುಂಬಕ್ಕೆಲ್ಲ ಸುದ್ದಿ."

ವರ್ಷವರ್ಷವೂ ವಿದ್ಯಾರ್ಥಿಗಳೊಂದಿಗೆ ಸಂಶೋಧನೆಗೆ ಹೊರಟು ನೆಂಟರಾಗಿ ಮರಳುವುದು ದಮಯಂತಿಗೆ ಸಾಕಾಗಿದೆ. ಅಂದೂ ಮೊಬೈಲಿನಲ್ಲಿ ಉಳಿದದ್ದು ಗುಲಾಬಿಯಕ್ಕ ಹೇಳಿದ ದಮಯಂತಿಯ ಅಜ್ಜಿಯ ಮದುವೆಯ ಕಥೆ.

ಬರುವ ಶನಿವಾರ ವಿಜೇತಾ ಒಬ್ಬಳೇ ಆ ಮನೆಗೆ ಹೋಗುತ್ತಾಳೆ; ಟೀಚರ್ ಬಸ್‌ಸ್ಟಾಪಿನಲ್ಲಿ ಕಾಯುತ್ತಾರೆ. ವಿಜೇತಾಳ ಬರಿ ಬೇರೆಯೆಂದು ಈ ಸಲ ಮೊದಲೇ ಕೇಳಿ ಖಚಿತಪಡಿಸಿಕೊಂಡಿದ್ದಾರೆ.