ಪೆಡಲಿಗೆ ಕಟ್ಟಿದ ಕಾಲು

ಬೆಟಗೇರಿಯ ಸಕ್ರಪ್ಪನ ಮನೆಯಲ್ಲಿ ಮಗ್ಗಕ್ಕೆ ಕುಳಿತುಕೊಳ್ಳುವುದೆಂದರೆ ಅರ್ಧ ಮೈ ನೆಲದೊಳಗೆ ಇಳಿದಂತೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬೆಳಗಿನಿಂದ ದೀಪ ಹಚ್ಚುವವರೆಗೆ ತುಳಿಯುತ್ತ ನೇಯಬೇಕು. ಸಕ್ರಪ್ಪ ಇಪ್ಪತ್ತಾರು ವರ್ಷ ತುಳಿದ. ೧೯೮೪ರ ಹೊತ್ತಿಗೆ ಅವನ ಎರಡೂ ಮೊಳಕಾಲು ಬಾತು, ಹೆಂಡತಿ ಸಾವಿತ್ರೆವ್ವ ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಾತ್ರ ಮೇಲೇಳುವಂತಾಗಿದ್ದ. ಇನ್ನು ಆ ಕುಣಿಗೆ ಇಳಿಯಬೇಕಾದವನು ತಮ್ಮ ಅಂದಪ್ಪ. ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ.

ಅಂದಪ್ಪನಿಗೆ ಇಪ್ಪತ್ಮೂರು. ಮಗ್ಗದ ಮೇಲೆ ಹರಿದ ಎಳೆಗಳನ್ನು ಜೋಡಿಸುವುದನ್ನು ಆರನೆಯ ವರ್ಷಕ್ಕೇ ಕಲಿತಿದ್ದನಾದರೂ ಕುಣಿಯಲ್ಲಿ ಕಾಲಿಟ್ಟರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಸೀರೆಯ ಗಂಟನ್ನು ಸೈಕಲ್ಲಿಗೆ ಬಿಗಿದುಕೊಂಡು ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ ಅಂತ ತಿರುಗುವುದು ಅವನ ಕೆಲಸ. ಆ ದಾರಿಯ ಗಾಳಿಯೇ ಅವನ ಜೀವ.

ಆ ವರ್ಷ ಮುಂಡರಗಿಯ ತರುಣ ಸಂಘದವರು ಯಾರೂ ಕಂಡಿರದ ಒಂದು ಪಂದ್ಯ ಹೂಡಿದರು. ಸಿಂಗಟಾಲೂರಿನ ಹತ್ತಿರ ಹೊಳೆಯನ್ನು ಈಜಿ ದಾಟಿ ತಿರುಗಿ ಬರಬೇಕು. ಅಲ್ಲಿಂದ ಮುಂಡರಗಿಗೆ ಸೈಕಲ್ಲು. ಸೈಕಲ್ಲು ಇಳಿದು ಗುಡ್ಡದ ಬುಡ ಮುಟ್ಟಿ ಬರುವ ಓಟ. ಮೊದಲ ಮೂವರನ್ನು ಸಂಘವೇ ಒಂದು ವರ್ಷದ ತರಬೇತಿಗೆ ಬೆಂಗಳೂರಿಗೆ ಕಳಿಸುತ್ತದೆ.

ಅಂದಪ್ಪ ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡು ಕೇಳಿದ. ಸಕ್ರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಮೂರರಾಗ ಬಂದ್ರ ಹೋಗು. ಕೂಲಿಗೆ ಯಾರನ್ನರ ಹಚ್ಚಿ ಮಗ್ಗ ನಡಸ್ತೀನಿ. ನಾಕನೇದಾಂವ ಆದ್ರ ಮರುದಿನಾನ ಕುಣ್ಯಾಗ ಇಳೀಬೇಕು. ಆಮ್ಯಾಲ ಮಾತಿಲ್ಲ ನೋಡು."

"ಆತಣ್ಣಾ."

"ಈಜಾಕ ಬರ್ತೈತಿ, ಓಡಾಕ ಬರ್ತೈತಿ," ಎಂದಳು ಸಾವಿತ್ರೆವ್ವ. "ಒಂದ ಕಡೆ ಕುಂಡ್ರಾಕ ಮಾತ್ರ ಬರಂಗಿಲ್ಲ ನನ್ನ ಮೈದುನಗ."

ಸೈಕಲ್ ಅಂಗಡಿಯ ನಜೀರಸಾಬ ಅವನಿಗೆ ಗುರುವಾದ. ಬಿಜಾಪುರದ ಸ್ಪರ್ಧಿಯೊಬ್ಬ ಬಿಟ್ಟುಹೋದ ಜೋಡಿ ಬೂಟು ಅವನಲ್ಲಿತ್ತು. ಹಲಗೆಯಂಥ ಅಟ್ಟೆ, ಅದರಡಿ ಮೊಳೆ ಹೊಡೆದ ಕಬ್ಬಿಣದ ಪಟ್ಟಿ. ಪಟ್ಟಿಯ ಗೀರು ಪೆಡಲಿನ ಅಂಚಿಗೆ ಕಚ್ಚಿ ಕೂರುತ್ತಿತ್ತು. ಪಾದದ ಮೇಲೆ ಚರ್ಮದ ಪಟ್ಟಾ ಎಳೆದರೆ ಕಾಲೂ ಸೈಕಲ್ಲೂ ಒಂದೇ.

"ಬೂಟು ಪೆಡಲಿಗೇ ಇರ್ಲಿ," ಎಂದ ನಜೀರಸಾಬ. "ನೀರಾಗಿಂದ ಬಂದಾಂವ ಕಾಲಷ್ಟ ತೂರ್ಸು, ಪಟ್ಟಾ ಜಗ್ಗು, ಹೊಂಡು. ಮುಂಡರಗಿ ಬರೂಕಿಂತ ಮೊದ್ಲ ಪಟ್ಟಾ ಸಡ್ಲ ಮಾಡಿ ಕಾಲು ಹೊರಗ ತಗಿ. ಬೂಟು ಅಲ್ಲೇ ಬಿಟ್ಟು ಬರಿಗಾಲಿಲೆ ಓಡು. ಬೂಟು ಬಿಚ್ಚಾಕ ಕುಂತಾಂವ ಸೋತ ಅಂತ ತಿಳಿ."

ಎರಡು ತಿಂಗಳು ಬೆಳ್ಳಟ್ಟಿಯ ದಾರಿಯಲ್ಲಿ ಇದೇ ಅಭ್ಯಾಸ. "ಲೇ, ಬೀಗರ ಮನ್ಯಾಗ ಬೂಟು ಬಿಚ್ಚಿದಂಗ ಬಿಚ್ಚಾಕತ್ತೀಯಲ್ಲೋ! ಜಲ್ದಿ!" ಎಂದು ನಜೀರಸಾಬ ಬೈಯುತ್ತಿದ್ದ. ಕೊನೆಕೊನೆಗೆ ಅಂದಪ್ಪ ಉಸಿರು ಬಿಡುವಷ್ಟರಲ್ಲಿ ಕಾಲು ಹಾಕಿ ತೆಗೆಯುವುದನ್ನು ಕಲಿತ.

ಪಂದ್ಯದ ದಿನ ಹೊಳೆಗೆ ಕೈಮುಗಿದು ಇಳಿದವನು ಎರಡನೆಯವನಾಗಿ ದಡಕ್ಕೆ ಬಂದ. ಕಾಲು ತೂರಿಸಿ ಎಡಗಾಲಿನ ಪಟ್ಟಾ ಎಳೆದ. ಬಲಗಾಲಿನದನ್ನು ಎಳೆದಾಗ ಹಳೆಯ ಚರ್ಮ ಪಟ್ಟನೆ ಹರಿದು ಕೈಗೆ ಬಂತು. ಕಾಲು ಬಿಗಿಯದೆ ಹದಿನೈದು ಮೈಲಿ ತುಳಿಯುವುದು ಹೇಗೆ? ಅವನು ಯೋಚಿಸಲಿಲ್ಲ. ಸೊಂಟದ ಉಡದಾರವನ್ನು ಕಿತ್ತು, ಪಾದದ ಮೇಲಿನಿಂದ ಪೆಡಲಿನಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ, ಬಗ್ಗಿ, ಉಳಿದ ತುದಿಗಳನ್ನು ಹಲ್ಲಿನಿಂದ ಕಡಿದು ಉಗುಳಿ ಹೊರಟುಬಿಟ್ಟ.

ಮುಂಡರಗಿ ಎರಡು ಮೈಲಿ ಇರುವಾಗ ಗಂಟು ಸಡಿಲಿಸಲು ಕೈ ಇಳಿಬಿಟ್ಟ. ಎಳೆಯಲು ತುದಿಯೇ ಸಿಗಲಿಲ್ಲ. ಆಗ ಅವನಿಗೆ ತಾನು ಮಾಡಿದ್ದು ತಿಳಿಯಿತು. ಹರಿದ ಎಳೆಗೆ ನೇಕಾರರು ಹಾಕುವ ಗಂಟದು. ಒಮ್ಮೆ ಬಿಗಿದರೆ ಜಾರುವುದಿಲ್ಲ, ಸಡಿಲುವುದಿಲ್ಲ. ನೇಯುವಾಗ ತೊಡಕಾಗಬಾರದೆಂದು ತುದಿಗಳನ್ನೂ ಕಡಿಯುತ್ತಾರೆ. ಆರನೆಯ ವರ್ಷದಿಂದ ಆ ಬೆರಳುಗಳು ಹಾಕಿದ್ದು ಅದೊಂದೇ ಗಂಟನ್ನು. ಅವಸರದಲ್ಲಿ ಅವು ಅವನನ್ನು ಕೇಳಲಿಲ್ಲ. ಒದ್ದೆ ಉಡದಾರ ಬಿಸಿಲಿಗೆ ಒಣಗಿ ತಂತಿಯಂತಾಗಿತ್ತು.

ಎರಡು ಮೈಲಿಯೂ ಅವನು ತನ್ನನ್ನು ಕಟ್ಟಿಹಾಕಿದ ಸೈಕಲ್ಲನ್ನು ತಾನೇ ತುಳಿದ.

ಮುಂಡರಗಿಯ ಮೈದಾನದಲ್ಲಿ ಎಡಗಾಲು ಊರಿ ವಾಲಿದ. ಬಲಗಾಲು ಬರದೆ ಸೈಕಲ್ಲಿನ ಸಮೇತ ಉರುಳಿಬಿದ್ದ. ಬೂಟಿನಿಂದ ಪಾದ ಕೀಳಲು ನೋಡಿದ. ಹುರಿ ಪಾದದ ಮೇಲೇ ಬಿಗಿದಿತ್ತು.

"ಏ, ಸೈಕಲ್ ಹೊತ್ಕೊಂಡ ಓಡಪಾ!" ಯಾರೋ ಕೂಗಿದರು. ಜನ ನಕ್ಕರು.

ನಜೀರಸಾಬ ಚಾಕು ಹಿಡಿದು ಓಡಿಬಂದ. ಪಂದ್ಯದ ತೀರ್ಪುಗಾರರಾಗಿದ್ದ ವಿರೂಪಾಕ್ಷಪ್ಪ ಮಾಸ್ತರು ಅಡ್ಡ ನಿಂತರು. "ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಇವನ ಹೆಸರು ಹೊಡದಹಾಕ್ತೀನಿ. ಚಾಕು ಕೊಡೂದೂ ಇಲ್ಲ."

"ಬಾಯಿಲೆ ಹೇಳಬಹುದೇನ್ರಿ ಮಾಸ್ತರ?"

"ಬಾಯಿಗೆ ಕಾಯ್ದೆ ಇಲ್ಲ."

ಆದರೆ ನಜೀರಸಾಬನಿಗೆ ನೇಕಾರರ ಆ ಗಂಟು ಗೊತ್ತಿರಲಿಲ್ಲ. "ಜಗ್ಗು, ಜಗ್ಗು!" ಎಂದಷ್ಟೇ ಕೂಗಿದ. ಅಂದಪ್ಪ ಜಗ್ಗಿದ. ಉಗುರು ಕಿತ್ತು ರಕ್ತ ಬಂತು. ಒಬ್ಬ ಬಂದು ಸೈಕಲ್ಲು ಎಸೆದು ಓಡಿದ. ಇನ್ನೊಬ್ಬ. ಮತ್ತೂ ಇಬ್ಬರು.

ಬೇವಿನ ಮರದ ಕೆಳಗೆ, ಬಸ್ಸು ಹಿಡಿದು ಬಂದಿದ್ದ ಸಕ್ರಪ್ಪ ಕೋಲೂರಿಕೊಂಡು ನಿಂತಿದ್ದ. ಅಣ್ಣತಮ್ಮಂದಿರ ಕಣ್ಣು ಕೂಡಿದವು. ಅಂದಪ್ಪ ಆ ಗಂಟನ್ನು ಹಾಕಿದ್ದನೇ ಹೊರತು ಎಂದೂ ಬಿಚ್ಚಿರಲಿಲ್ಲ; ಬಿಚ್ಚುವುದು ಬಲ್ಲವನು ಅಲ್ಲಿ ಸಕ್ರಪ್ಪನೊಬ್ಬನೇ. ಅವನು ಬಾಯಿ ಬಿಡದಿದ್ದರೆ ತಮ್ಮ ನಾಳೆಯೇ ಕುಣಿಗೆ ಇಳಿಯುತ್ತಾನೆ, ಕೂಲಿಯ ಖರ್ಚೂ ಉಳಿಯುತ್ತದೆ.

"ಜಗ್ಗಬ್ಯಾಡಲೇ ಹುಚ್ಚಾ!" ಸಕ್ರಪ್ಪ ಕೂಗಿದ. "ಜಗ್ಗಿದಷ್ಟೂ ಬಿಗಿತೈತಿ. ನೆಟ್ಟಗಿರೂ ಎಳೀನ ಹಿಂದಕ್ಕ ನೂಕು. ಸಾವಕಾಶ. ಉಗುರಿಲೆ ನೂಕು!"

ಅಂದಪ್ಪ ಉಸಿರು ಬಿಗಿಹಿಡಿದು ನೂಕಿದ. ಗಂಟು ಬಾಯಿ ತೆರೆಯಿತು.

ಬರಿಗಾಲಿನಲ್ಲಿ ಎದ್ದು ಓಡಿದ. ಗುಡ್ಡದ ಬುಡದಲ್ಲಿ ಒಬ್ಬನನ್ನು ಹಿಂದೆ ಹಾಕಿದ, ಮರಳುವಾಗ ಇನ್ನೊಬ್ಬನನ್ನು. ಮೂರನೆಯವನ ಬೆವರಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಹೋದ. ಕೈ ಚಾಚಿದರೆ ಅವನ ಅಂಗಿ ಸಿಗುತ್ತಿತ್ತು. ಅಷ್ಟರಲ್ಲಿ ಸುಣ್ಣದ ಗೆರೆ ಬಂದುಬಿಟ್ಟಿತು.

ಗದಗಿಗೆ ಮರಳುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಡಂಬಳ ದಾಟಿದ ಮೇಲೆ ಅಂದಪ್ಪ ಕೇಳಿದ: "ಯಾಕ ಹೇಳಿದಿ ಅಣ್ಣಾ?"

ಸಕ್ರಪ್ಪ ಮೊಳಕಾಲು ತಿಕ್ಕಿಕೊಂಡ. "ತಪ್ಪು ಜಗ್ಗೂದು ಕಂಡ್ರ ಸುಮ್ನ ನಿಂದ್ರಾಕ ಆಗಂಗಿಲ್ಲಪಾ ನನಗ."

ಅಣ್ಣ ಸುಮ್ಮನಿದ್ದಿದ್ದರೆ ಅಂದಪ್ಪ ಅವನ ಮೇಲೆ ಹಲ್ಲು ಕಡಿಯಬಹುದಿತ್ತು. ಆ ಸಿಟ್ಟಿನಲ್ಲೇ ಹುಬ್ಬಳ್ಳಿಯ ಬಸ್ಸು ಹತ್ತಿ ಎತ್ತಲಾದರೂ ಹೋಗಬಹುದಿತ್ತು. ಈಗ ಆ ದಾರಿಯೂ ಮುಚ್ಚಿತು. ಮರುದಿನ ಸಾವಿತ್ರೆವ್ವ ದೇವರ ಮುಂದೆ ದೀಪ ಹಚ್ಚಿ, ಮೈದುನನಿಗೆ ಹೊಸ ಉಡದಾರ ಕಟ್ಟಿದಳು. ಅವನು ಕುಣಿಗೆ ಇಳಿದ.

ವರ್ಷ ಕಳೆಯಿತು. ಒಂದು ಮಧ್ಯಾಹ್ನ ವಿರೂಪಾಕ್ಷಪ್ಪ ಮಾಸ್ತರು ಬೆಟಗೇರಿಯ ಮನೆ ಹುಡುಕಿಕೊಂಡು ಬಂದರು.

"ಮತ್ತ ಪಂದ್ಯ ಐತಿ ಅಂದಪ್ಪ. ಈ ಸಲ ಚಾಕು ಕತ್ರಿ ಏನ ಬೇಕಾದ್ರೂ ಇಟ್ಕೋ. ನಿನ್ನ ಸಂಬಂಧ ಕಾಯ್ದೆ ತಿದ್ದೀವಿ."

ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದ ಸಕ್ರಪ್ಪನ ಮುಖ ಅರಳಿತು. "ಹೋಗಿ ಬಾರಲೇ! ಒಂದ ದಿನ ಮಗ್ಗ ನಿಂತ್ರ ಗಂಟೇನ ಹೊಕ್ಕೈತಿ?"

ಅಂದಪ್ಪ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಒಂದ ದಿನ ಮ್ಯಾಲೆದ್ದು ಹ್ವಾದ್ರ, ಮರುದಿನ ಇಳಿಯಾಕ ನನ್ನ ಕಡೆ ಆಗಂಗಿಲ್ಲಣ್ಣಾ," ಎಂದ.

ಮಾಸ್ತರು ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.