ವಾರಕ್ಕೊಂದು ಮಾತ್ರೆ

ನಿಂಬೆಹಣ್ಣಿನ ಗಾತ್ರಕ್ಕೆ ಸುತ್ತಿದ ಕೂದಲನ್ನು ಅವರು ತೊಳೆದ ಹಾಲಿನ ಪ್ಯಾಕೆಟ್ಟಿನಲ್ಲಿ ಇಟ್ಟುಕೊಂಡು ಬಂದಿದ್ದರು. ಎರಡೇ ದಿನದಲ್ಲಿ ಉದುರಿದ್ದು ಎಂದರು.

ನಾನು ಬಿ.ಫಾರ್ಮ ಮುಗಿಸಿ ತೀರ್ಥಹಳ್ಳಿಯ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದ ಎರಡನೇ ವರ್ಷ ಅದು. ಬಂದವರು ಗಿರಿಜಮ್ಮ, ಕವಲೇದುರ್ಗದ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವರು. ಕೈಗಂಟುಗಳ ಊತಕ್ಕೆ ವೈದ್ಯರು ಮೆಥೊಟ್ರೆಕ್ಸೇಟ್ ಬರೆದಿದ್ದರು. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಉಳಿದ ಆರು ದಿನ ಫೋಲಿಕ್ ಆಸಿಡ್ ಎಂಬ ವಿಟಮಿನ್. ಎರಡೂ ಚಿಕ್ಕ ಹಳದಿ ಮಾತ್ರೆಗಳು. ಹನ್ನೊಂದು ದಿನಗಳ ಹಿಂದೆ, ಮೂರು ತಿಂಗಳಿಗೆಂದು ಹನ್ನೆರಡು ಮೆಥೊಟ್ರೆಕ್ಸೇಟ್ ಎಣಿಸಿ ಕೊಟ್ಟವಳು ನಾನೇ. ನೋವಿನದು ಸೋಮವಾರ ಮಾತ್ರ, ವಿಟಮಿನ್ ಉಳಿದ ದಿನ ಎಂದು ವಿವರಿಸಿ, ಗೊತ್ತಾಯಿತಾ ಎಂದು ಕೇಳಿದ್ದೆ. ಅವರು ತಲೆಯಾಡಿಸಿದ್ದರು.

ಈಗ ಅವರ ಚಿಂತೆ ಅಡುಗೆಯದು. ಮೇಷ್ಟ್ರೊಬ್ಬರು ತಟ್ಟೆಯಿಂದ ಕೂದಲೆಳೆದು, ಇವತ್ತು ಒಗ್ಗರಣೆ ಉದ್ದ ಆಯ್ತಲ್ಲ ಗಿರಿಜಮ್ಮ ಎಂದಿದ್ದರಂತೆ. ಹೀಗೇ ಆದರೆ ಕೆಲಸ ಬಿಡಿಸುತ್ತಾರೆ ಎಂದು ಅಳುಕುತ್ತಿದ್ದರು. ಬಾಯಿ ಪೂರ್ತಿ ತೆರೆಯದೆ ಮಾತಾಡುತ್ತಿದ್ದುದನ್ನು ಗಮನಿಸಿದೆ, ನಾಚಿಕೆಯೆಂದುಕೊಂಡೆ. ಈ ಮಾತ್ರೆಗೆ ಕೆಲವರಿಗೆ ಕೂದಲು ಉದುರುವುದುಂಟು, ಮತ್ತೆ ಬರುತ್ತದೆ ಎಂದು ಧೈರ್ಯ ಹೇಳಿ ಕಳಿಸಿದೆ. ನಾನು ಹೇಳಿದ್ದು ಪಠ್ಯದಲ್ಲಿರುವ ಮಾತೇ. ಆದರೆ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಲಿಲ್ಲ.

ಮೂರು ದಿನ ಬಿಟ್ಟು ಮತ್ತೆ ಬಂದರು. ತುಟಿ ಒಡೆದಿತ್ತು, ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ಖಾಲಿ ಸ್ಟ್ರಿಪ್ ಮುಂದಿಟ್ಟರು.

"ದಿನಾ ತಗೊಳ್ಳೋದು ಖಾಲಿ ಆಯ್ತು ಮೇಡಂ."

ಅದು ಮೆಥೊಟ್ರೆಕ್ಸೇಟ್, ದಿನಾ ತೆಗೆದುಕೊಂಡರೆ ರಕ್ತವನ್ನೇ ಕೆಡಿಸುವ ಮಾತ್ರೆ. ನನ್ನ ಮುಖ ನೋಡಿ ಅವರೇ ಸಮಜಾಯಿಷಿ ಕೊಟ್ಟರು. "ನೋವು ದಿನಾ ಇರತ್ತಲ್ಲ? ವಿಟಮಿನ್ ಆದ್ರೆ ವಾರಕ್ಕೊಂದು ಸಾಕು ಅಂದ್ಕಂಡೆ."

ಸಾರು ದಿನಾ, ಪಾಯಸ ಅಪರೂಪಕ್ಕೆ ಎನ್ನುವ ಅಡುಗೆ ಬಲ್ಲವರ ಲೆಕ್ಕ ಅದು, ಅದರಲ್ಲಿ ಪೆದ್ದುತನವಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿದೆ. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ನೋಡಿದಾಗ ರಕ್ತದ ಬಿಳಿಕಣಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಸೋಂಕು ಹಿಡಿದು ಆರನೇ ದಿನ ತೀರಿಕೊಂಡರು.

ಕೆಲವು ದಿನಗಳ ನಂತರ ಒಂದು ಸಂಜೆ ಅವರ ಗಂಡ ಅಂಗಡಿಗೆ ಬಂದರು. ತಪ್ಪು ನನ್ನದೂ ಹೌದು ಎಂದೆ. ಅವರು ಜಗಳವಾಡಲಿಲ್ಲ.

"ಮುತ್ತೈದೆಯಾಗಿ ಹೋದ್ಳು. ಹೂ ಮುಡಿಸಾಣ ಅಂದ್ರೆ ಕೂದ್ಲೇ ಇರ್ಲಿಲ್ಲ" ಎಂದು ಹೇಳಿ ಹೋದರು.

ಗೊತ್ತಾಯಿತಾ ಎಂಬ ಪ್ರಶ್ನೆಗೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನು.

ಮರುದಿನ ಬೆಳಿಗ್ಗೆ ಬೇಗ ಬಂದು, ಅದೇ ಮಾತ್ರೆ ಒಯ್ದಿದ್ದ ಉಳಿದ ನಾಲ್ವರ ಫೋನ್ ನಂಬರುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಮೊದಲನೆಯವರು ಅರಳಸುರಳಿಯ ನಿವೃತ್ತ ಮೇಷ್ಟ್ರು. ಮಾತ್ರೆ ನುಂಗೋದನ್ನೂ ಕಲಿಸ್ತೀಯೇನಮ್ಮ ಎಂದು ನಕ್ಕರು. ಯಾವುದು, ಯಾವ ದಿನ, ಸ್ಟ್ರಿಪ್ ನೋಡಿ ನೀವೇ ಓದಿ ಹೇಳಿ ಸರ್ ಎಂದೆ. ಅವರು ಕನ್ನಡಕ ಹುಡುಕಲು ಹೋದರು. ನಾನು ಫೋನ್ ಇಡದೆ ಕಾದೆ.