ಗೋಡೆ ಮುಟ್ಟಿದ ಕೈ

ನಾನು ಮೂಡಲಗಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಈಜು ಕಲಿತದ್ದು ಎಂಟನೆಯ ವಯಸ್ಸಿಗೆ, ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿಕೊಂಡು, ಅಪ್ಪನ ತೋಟದ ಬಾವಿಯಲ್ಲಿ. ದೊಡ್ಡವಳಾದ ಮೇಲೆ ಮೂವತ್ತು ವರ್ಷ ನೀರಿಗೇ ಇಳಿದಿರಲಿಲ್ಲ. ಬೆನ್ನುನೋವಿಗೆ ಡಾಕ್ಟರು ಈಜಲು ಹೇಳಿದ್ದರಿಂದ ಭಾನುವಾರಗಳಲ್ಲಿ ಬೆಳಗಾವಿಯ ಈಜುಕೊಳಕ್ಕೆ ಹೋಗತೊಡಗಿದೆ. ಅಲ್ಲಿ ನನ್ನಂತೆಯೇ ನಲವತ್ತು ದಾಟಿದ ಮೂವರು ಸಿಕ್ಕರು: ಗೋಕಾಕದ ಒಬ್ಬ ನರ್ಸ್, ಅದೇ ಊರಿನ ಕೋರ್ಟಿನ ಒಬ್ಬ ವಕೀಲೆ, ಹುಕ್ಕೇರಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬಾಕೆ. ಮೊದಲು ಹರಟೆ, ಆಮೇಲೆ ಪಂದ್ಯ. ರಾಜ್ಯ ಮಟ್ಟದಲ್ಲಿ ನಮ್ಮ ನಾಲ್ವರ ಫ್ರೀಸ್ಟೈಲ್ ರಿಲೇ ಗೆದ್ದಿತು. ಹೊರದೇಶದಲ್ಲಿ ನಡೆಯುವ ಹಿರಿಯರ ಸ್ಪರ್ಧೆಗೆ ಹೋಗಬೇಕೆಂದು ಕಾಗದ ಬಂದಾಗ ನಾವೇ ನಂಬಲಿಲ್ಲ.

ಭಾನುವಾರದ ಅಭ್ಯಾಸ ಸಾಲದಾಯಿತು. ಹೊಲಿಗೆಯಾಕೆಯ ದೊಡ್ಡವ್ವನ ತೋಟ ಹತ್ತರಗಿಯ ಹತ್ತಿರ, ಹೈವೇ ದಾಟಿ ಒಳಗೆ. ಅಲ್ಲಿ ಕಲ್ಲು ಕಟ್ಟಿದ ದೊಡ್ಡ ಚೌಕದ ಬಾವಿ ಇತ್ತು. ಶನಿವಾರ ಶಾಲೆ ಬೇಗ ಬಿಡುತ್ತಿದ್ದರಿಂದ ಮಧ್ಯಾಹ್ನ ಅಲ್ಲಿ ಕೂಡುತ್ತಿದ್ದೆವು. ಒಬ್ಬೊಬ್ಬರಾಗಿ ಎದುರಿನ ಗೋಡೆ ಮುಟ್ಟಿ ಬರಬೇಕು. ಬಂದವಳ ಕೈ ಮೆಟ್ಟಿಲ ಕಲ್ಲಿಗೆ ತಾಗಿದ ಮೇಲಷ್ಟೇ ಮುಂದಿನವಳು ಹಾರಬೇಕು. ಸ್ಪರ್ಧೆಯಲ್ಲಿ ಒಬ್ಬಳು ಕಣ್ಣೆವೆಯಿಕ್ಕುವಷ್ಟು ಮೊದಲು ಹಾರಿದರೂ ನಾಲ್ವರೂ ಹೊರಗೆ. ನನ್ನದು ಕೊನೆಯ ಸರದಿ, ನನಗಿಂತ ಮೊದಲು ನರ್ಸ್.

ಆ ಶನಿವಾರ ಗಾಳಿ ಇರಲಿಲ್ಲ. ಹೈವೇಯ ಲಾರಿಗಳ ಸದ್ದೂ ಯಾಕೋ ನಿಂತುಹೋಗಿತ್ತು. ಹೊಲಿಗೆಯಾಕೆ, ವಕೀಲೆ ಇಬ್ಬರೂ ಈಜಿ ಮುಗಿಸಿ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಬಗ್ಗಿ, ನೀರಂಚಿನ ಕಲ್ಲನ್ನೇ ನೋಡುತ್ತ ನಿಂತಿದ್ದೆ. ಕೈ ಬಂತು. ಒದ್ದೆ ಅಂಗೈ ಕಲ್ಲಿಗೆ ಬಡಿದ ಸಪ್ಪಳ ಕೇಳಿತು. ಹಾರಿದೆ. ನಾಲ್ಕು ಸಲ ಕೈ ಬೀಸಿದ್ದೆನೋ ಇಲ್ಲವೋ, ಎದುರಿನಿಂದ ಬರುತ್ತಿದ್ದ ನರ್ಸಿನ ಭುಜಕ್ಕೆ ನನ್ನ ತಲೆ ಬಡಿಯಿತು.

"ಅಕ್ಕಾರ, ನಾ ಇನ್ನೂ ನಡೂಬಾವ್ಯಾಗ ಅದೇನಿ. ನೀವ್ಯಾಕ ಹಾರಿದ್ರಿ?" ಎಂದಳು ಆಕೆ, ನೀರು ಉಗುಳುತ್ತ.

"ನೀವು ಮುಟ್ಟಿದ್ರಲ್ಲಾ ಸಿಸ್ಟರ್. ಸಪ್ಪಳಾ ಕೇಳಿಸ್ತು."

"ಸಪ್ಪಳಾ ನನಗೂ ಕೇಳಿಸ್ತರಿ," ಎಂದಳು ಮೇಲಿನಿಂದ ವಕೀಲೆ. ಆಕೆಯ ದನಿ ಸಣ್ಣಗಾಗಿತ್ತು.

ಈಜಿ ಮೆಟ್ಟಿಲು ಸೇರಿದಾಗ ಕಲ್ಲಿನ ಮೇಲೆ ಅಂಗೈಯ ಗುರುತು ಇತ್ತು. ನರ್ಸ್ ತನ್ನ ಕೈಯನ್ನು ಅದರ ಮೇಲಿಟ್ಟು ನೋಡಿದಳು. ಗುರುತಿನ ಬೆರಳುಗಳು ಆಕೆಯ ಬೆರಳುಗಳಿಗಿಂತ ಒಂದು ಗೆಣ್ಣು ಉದ್ದ. ನಾವು ನೋಡುತ್ತಿದ್ದಂತೆ ಬಿಸಿಲಿಗೆ ಕಿರುಬೆರಳು ಮೊದಲು ಆರಿತು, ಆಮೇಲೆ ಉಳಿದವು, ಕೊನೆಗೆ ಅಂಗೈ.

ಹಣೆ ತುಂಬ ಈಬತ್ತಿ ಹಚ್ಚಿಕೊಂಡಿದ್ದ ದೊಡ್ಡವ್ವ ಮಜ್ಜಿಗೆ ತಂದಳು. ನಮ್ಮ ಮುಖ ನೋಡಿ, ಓಣಿಯ ಹೆಂಗಸನ್ನು ವಿಚಾರಿಸುವ ಹಾಗೆ ಕೇಳಿದಳು, "ಆಕಿ ಬಂದಿದ್ಲೇನು?"

"ಯಾರು ದೊಡ್ಡವ್ವಾ?"

"ಹೆಸರ ಗೊತ್ತಿದ್ರ ಹೇಳ್ತಿದ್ದಿಲ್ಲೇನು? ನಾ ಈ ಮನಿಗೆ ಸೊಸಿಯಾಗಿ ನಡಿಲಿಕ್ಕೆ ಬಂದಾಗಿಂದ ಅದಾಳ. ಯಾರಿಗೂ ಏನೂ ಮಾಡಂಗಿಲ್ಲ. ಯಾರರೆ ಈಜಾಕತ್ತಿದ್ರ ತಾನೂ ಬರ್ತಾಳ, ಅಷ್ಟ. ಕುಡೀರಿ, ಮಜ್ಜಿಗಿ ಹುಳಿ ಆಗ್ತೈತಿ."

ಆಮೇಲೆ ನಾವು ಆ ಬಾವಿಗೆ ಇಳಿಯಲಿಲ್ಲ. ಉಳಿದ ಅಭ್ಯಾಸವೆಲ್ಲ ಬೆಳಗಾವಿಯಲ್ಲೇ ಮುಗಿಯಿತು.

ಸ್ಪರ್ಧೆಯ ಕೊಳ ಚಾವಣಿಯ ಕೆಳಗಿತ್ತು. ಬಿಳಿ ದೀಪ, ಬಿಸಿ ನೀರು, ಎಂಟು ಸಾಲು, ಎಂಟು ದೇಶಗಳ ಹೆಂಗಸರು. ನಮ್ಮದು ಐದನೆಯ ಸಾಲು. ಹೊಲಿಗೆಯಾಕೆ ಚೆನ್ನಾಗಿ ಈಜಿದಳು, ವಕೀಲೆ ಇನ್ನೂ ಚೆನ್ನಾಗಿ. ನರ್ಸ್ ಆ ತುದಿ ಮುಟ್ಟಿ ತಿರುಗುವಾಗ ನಾವು ಮೂರನೆಯವರು. ನಾನು ಹಾರುವ ಹಲಗೆಯ ಮೇಲೆ ಬಗ್ಗಿ ನಿಂತೆ. ಜನರ ಕೂಗು ಕಿವಿ ತುಂಬಿತ್ತು. ಅದು ಒಮ್ಮೆಗೇ ನಿಂತಿತು. ನಿಜಕ್ಕೂ ನಿಂತಿತೋ, ನನಗೆ ಮಾತ್ರ ಹಾಗನ್ನಿಸಿತೋ, ಹೇಳಲಾರೆ.

ಕೆಳಗೆ ಗೋಡೆಗೆ ಒಂದು ಕೈ ಬಂದು ತಾಗಿತು. ಉದ್ದ ಬೆರಳುಗಳು.

ನನ್ನ ಹಿಮ್ಮಡಿ ಆಗಲೇ ಎದ್ದಿತ್ತು. ಹಾರು ಎಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ಆ ಕೈಯ ಹಿಂದೆ ತಲೆ ಇರಲಿಲ್ಲ, ನರ್ಸಿನ ಹಳದಿ ಟೋಪಿ ಇರಲಿಲ್ಲ. ಕಾಲ್ಬೆರಳಿನಿಂದ ಹಲಗೆಯ ಅಂಚು ಹಿಡಿದು ನಿಂತೆ. ಪಕ್ಕದ ಆರನೆಯ ಸಾಲಿನವಳು ಹಾರಿದ ಸದ್ದು ಕೇಳಿಸಿತು. ಹಳದಿ ಟೋಪಿ ಬರುವವರೆಗೆ, ಅದು ಗೋಡೆಗೆ ಬಂದು ನಿಲ್ಲುವವರೆಗೆ, ನರ್ಸ್ ತಲೆ ಎತ್ತಿ "ಹಾರ್ರಿ ಅಕ್ಕಾರ!" ಎಂದು ಕಿರುಚುವವರೆಗೆ ನಾನು ಕದಲಲಿಲ್ಲ. ಅಷ್ಟರಲ್ಲಿ ಇಬ್ಬರು ಮುಂದೆ ಹೋಗಿದ್ದರು. ನಾನು ಜೀವ ತೇಯ್ದು ಈಜಿದರೂ ಐದನೆಯ ಸ್ಥಾನ.

ಆಮೇಲೆ ಫಲಕದ ಮೇಲೆ ಆರನೆಯ ಸಾಲಿನ ಹೆಸರು ಅಳಿಸಿಹೋಯಿತು. ಅವರು ಮೊದಲೇ ಹಾರಿದ್ದರಂತೆ. ಹಾಗಾಗಿ ನಾವು ನಾಲ್ಕನೆಯವರಾದೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ಸಾಲಿನ ಕೊನೆಯ ಈಜುಗಾರ್ತಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಮ್ಮ ವಕೀಲೆ ಹತ್ತಿರ ಕೂತು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿದಳು. ಆಕೆ ಏನೋ ಹೇಳುತ್ತ ಮತ್ತೆ ಮತ್ತೆ ಅಂಗೈಯನ್ನು ಗೋಡೆಯ ಕಡೆ ಚಾಚುತ್ತಿದ್ದಳು. ವಕೀಲೆ ಎದ್ದು ನನ್ನ ಬಳಿ ಬಂದಾಗ ಅವಳ ತುಟಿ ಬಿಳಚಿಕೊಂಡಿತ್ತು.

"ಗ್ವಾಡಿ ಮುಟ್ಟಿದ ಕೈ ಖರೇನ ನೋಡಿದ್ಲಂತ್ರಿ ಅಕ್ಕಾರ. ತಮ್ಮ ಸಾಲಿನ್ಯಾಗಲ್ಲಂತ. ನಮ್ಮದರಾಗ."

ನಾನು ಒದ್ದೆ ಬಟ್ಟೆಯನ್ನು ಚೀಲಕ್ಕೆ ತುಂಬಿದೆ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಹೋಗಿ ಅವಳ ಕೈ ಹಿಡಿದುಕೊಂಡೆ. ಅದು ತಣ್ಣಗಿತ್ತು, ನನ್ನದೂ ಹಾಗೆಯೇ. ಸ್ವಲ್ಪ ಹೊತ್ತು ಇಬ್ಬರೂ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಹುಕ್ಕೇರಿಯಲ್ಲಿ ಶಾಲು ಹೊದಿಸಿ ಸತ್ಕಾರ ಮಾಡಿದರು. ನಾನು ತಡಮಾಡದಿದ್ದರೆ ಪದಕ ಬರುತ್ತಿತ್ತೆಂದು ಒಬ್ಬರು ಮೈಕಿನಲ್ಲೇ ಅಂದರು. ನರ್ಸ್ ಅವರನ್ನು ದುರುಗುಟ್ಟಿ ನೋಡಿದಳು. ಈಗಲೂ ನಾಲ್ವರೂ ಈಜುತ್ತೇವೆ. ಆದರೆ ಸರದಿ ಬದಲಾಗಿದೆ. ಮೊದಲು ಇಳಿಯುವವಳು ನಾನೇ. ಸೀಟಿ ಊದಿದರೆ ಹಾರುತ್ತೇನೆ.